ಬರಿಯ ಮರ, ಸೋಪಿನ ನೀರು: ಸ್ಕ್ಯಾಂಡಿನೇವಿಯಾದ ಸರಳ ಮನೆಗಳಿಂದ ನಾವು ಏನನ್ನು ತರಬಹುದು?

ಪರದೆಯ ಮೇಲಿರುವ ಈ ಊಟದ ಕೋಣೆಯನ್ನು ಸ್ವಲ್ಪ ಹೊತ್ತು ನೋಡಿ. ಗೋಡೆಯ ಹಲಗೆಗಳಿಗೆ ಹಸಿರು ಬಣ್ಣ. ಮರದ ಚೌಕಟ್ಟು, ಬೆಂಚುಗಳಿಗೆ ಕೆಂಪು. ಬೆಂಚಿನ ಹಿಂದೆ ಮಗ್ಗದಲ್ಲಿ ನೇಯ್ದ ಬಣ್ಣಬಣ್ಣದ ಬಟ್ಟೆ. ಕಿಟಕಿಯಲ್ಲಿ ಹೂಕುಂಡ. ಇದು ಯಾವ ದೇಶದ ಮನೆ ಅಂತ ಕೇಳಿದರೆ ಸ್ವೀಡನ್ ಅನ್ನುವವರು ಕಡಿಮೆ. ಯಾಕೆಂದರೆ ನಾವು ಫೋಟೋಗಳಲ್ಲಿ ನೋಡಿದ ಸ್ವೀಡನ್ ಬೇರೆ. ಬಿಳಿ ಗೋಡೆ, ಬೂದು ಸೋಫಾ, ತಿಳಿ ಬಣ್ಣದ ಮರ, ಮೂಲೆಯಲ್ಲಿ ಒಂದೇ ಒಂದು ಹೂದಾನಿ. ಆದರೆ ನಿಮ್ಮ ಮನೆ ಅಲಂಕಾರ ಎಲ್ಲಿಂದ ಶುರುವಾಯಿತು ಎಂದು ಸ್ವೀಡನ್ನಿನವರನ್ನೇ ಕೇಳಿ. ಅವರು ಮೊದಲು ತೋರಿಸುವ ಮನೆಗಳಲ್ಲಿ ಇದೂ ಒಂದು.

ಮನೆಯ ಹೆಸರು ಲಿಲ್ಲಾ ಹಿಟ್‌ನೆಸ್. ದಾಲಾರ್ನ ಪ್ರಾಂತ್ಯದ ಸುಂಡ್‌ಬೋರ್ನ್ ಎಂಬ ಹಳ್ಳಿಯಲ್ಲಿದೆ. 1888ರಲ್ಲಿ ಕರಿನ್ ಲಾರ್ಸನ್ ಅವರ ತಂದೆ ಈ ಸಣ್ಣ ಮರದ ಮನೆಯನ್ನು ಮಗಳು-ಅಳಿಯನಿಗೆ ಕೊಟ್ಟರು. ಅಳಿಯ ಕಾರ್ಲ್ ಲಾರ್ಸನ್ ಚಿತ್ರಕಾರ. ಕರಿನ್ ಕೂಡ ಸ್ಟಾಕ್‌ಹೋಮಿನ ಕಲಾ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತವರೇ. ಮದುವೆಯಾಗಿ ಮಕ್ಕಳಾದ ಮೇಲೆ ಅವರು ಕುಂಚ ಬದಿಗಿಟ್ಟು ಮಗ್ಗ, ಸೂಜಿ ಹಿಡಿದರು. ಪರದೆ, ಹೊದಿಕೆ, ಮಕ್ಕಳ ಬಟ್ಟೆ ಎಲ್ಲ ಅವರದೇ ಕೈಯವು. ಕುರ್ಚಿ, ಮೇಜುಗಳ ನಕ್ಷೆ ಬರೆದು ಊರಿನ ಬಡಗಿಗಳಿಂದ ಮಾಡಿಸಿದರು. ಅವರಿಗೆ ಹುಟ್ಟಿದ್ದು ಎಂಟು ಮಕ್ಕಳು. ಕೋಣೆ ಸಾಲದೇ ಹೋದಾಗಲೆಲ್ಲ ಮನೆಗೆ ಇನ್ನೊಂದು ತುಂಡು ಸೇರಿಕೊಂಡಿತು. ಕಾರ್ಲ್ ಈ ಕೋಣೆಗಳನ್ನೇ ಜಲವರ್ಣದಲ್ಲಿ ಬಿಡಿಸಿದರು. 1899ರಲ್ಲಿ ಆ ಚಿತ್ರಗಳು ಪುಸ್ತಕವಾಗಿ ಬಂದವು, ಮನೆಮನೆಗೂ ಹೋದವು. ಹೆಸರು ಬಂದದ್ದು ಜಾಸ್ತಿ ಕಾರ್ಲ್‌ಗೆ. ಆ ಕೋಣೆಗಳಲ್ಲಿ ಕರಿನ್ ಅವರ ಕೈ ಎಷ್ಟಿತ್ತು ಎಂದು ಜನ ಗಮನಿಸಿದ್ದು ಬಹಳ ತಡವಾಗಿ. ಅದಕ್ಕೇ ಇವತ್ತು ಅವರ ಹೆಸರಿನಿಂದಲೇ ಶುರು ಮಾಡಿದೆ.

ಈಗ ಅದೇ ಮನೆಯ ಪಕ್ಕದ ಕೋಣೆ ನೋಡಿ. ಇಲ್ಲಿ ನಿಮಗೆ ಪರಿಚಯದ ಸ್ವೀಡನ್ ಕಾಣುತ್ತದೆ. ತಿಳಿ ಬಣ್ಣದ ಹಳೆಯ ಕುರ್ಚಿಗಳು. ಅವಕ್ಕೆ ನೀಲಿ-ಬಿಳಿ ಪಟ್ಟೆಯ ಹತ್ತಿ ಹೊದಿಕೆ. ಕೊಳೆಯಾದರೆ ಬಿಚ್ಚಿ ಒಗೆಯಬಹುದು. ನೆಲ ಬರಿಯ ಹಲಗೆ. ಅದರ ಮೇಲೆ ಉದ್ದಕ್ಕೆ ಒಂದು ನೇಯ್ದ ಹಾಸು. ಕಿಟಕಿಗೆ ದಪ್ಪ ಪರದೆ ಇಲ್ಲ. ಆ ಕಾಲದ ಪಟ್ಟಣದ ಶ್ರೀಮಂತರ ಮನೆಗಳಲ್ಲಿ ಕಪ್ಪು ಮರ, ಮಖಮಲ್ಲು, ಜಾಲರಿ, ಕುಚ್ಚು ತುಂಬಿರುತ್ತಿದ್ದವು. ಅವುಗಳ ನಡುವೆ ಈ ಕೋಣೆ ಎಷ್ಟು ಹಗುರ ಕಂಡಿರಬೇಕು!

ಒಂದೇ ಮನೆಯಲ್ಲಿ ಹಸಿರು-ಕೆಂಪು ಕೋಣೆಯೂ ಇದೆ, ತಿಳಿ ಕೋಣೆಯೂ ಇದೆ. ಎರಡಕ್ಕೂ ಸಮಾನವಾದದ್ದು ಏನು? ಒಗೆಯಬಹುದಾದ ಬಟ್ಟೆ. ತಿಕ್ಕಬಹುದಾದ ನೆಲ. ಮತ್ತೆ ಬಳಿಯಬಹುದಾದ ಬಣ್ಣ. ಮನೆಯವರ ಕೈಗೆ ಸಿಗುವ, ಮನೆಯವರೇ ನೋಡಿಕೊಳ್ಳಬಹುದಾದ ವಸ್ತುಗಳು. ಇವತ್ತಿನ ನನ್ನ ಮಾತೆಲ್ಲ ಇದೊಂದರ ಸುತ್ತಲೇ ಇರುತ್ತದೆ. ಆ ಸರಳತೆಯ ಹಿಂದೆ ನಿರಂತರವಾದ ಆರೈಕೆ ಇದೆ. ಫೋಟೋದಲ್ಲಿ ಅದು ಕಾಣುವುದಿಲ್ಲ. ಹಾಗಾಗಿ ನಾವು ಅದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಕೊಂಡು ತರುತ್ತೇವೆ.

ಇನ್ನೂ ಸ್ವಲ್ಪ ಹಿಂದೆ ಹೋಗೋಣ. ಸ್ಟಾಕ್‌ಹೋಮಿನಲ್ಲಿ ಸ್ಕ್ಯಾನ್ಸೆನ್ ಎಂಬ ಬಯಲು ಮ್ಯೂಸಿಯಂ ಇದೆ. 1891ರಲ್ಲಿ ಆರ್ತುರ್ ಹಸೇಲಿಯಸ್ ಶುರು ಮಾಡಿದ್ದು. ದೇಶದ ಬೇರೆ ಬೇರೆ ಕಡೆಯ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿದ್ದಾರೆ. ಅಲ್ಲಿನ ರೈತರ ಮನೆಗಳಿಗೆ ಹೊಕ್ಕರೆ ಮೊದಲು ಅನ್ನಿಸುವುದು, ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಜನ ಹೇಗಿದ್ದರು ಅಂತ. ಚಳಿಗಾಲದಲ್ಲಿ ಬೆಚ್ಚಗಿಡಲು ಆಗುತ್ತಿದ್ದುದೇ ಒಂದು ಕೋಣೆ. ಅಡುಗೆ, ಊಟ, ನೇಯ್ಗೆ, ನಿದ್ದೆ ಎಲ್ಲ ಅಲ್ಲೇ. ಹಾಗಾಗಿ ಪ್ರತಿ ಸಾಮಾನಿಗೂ ಎರಡು ಕೆಲಸ. ಹಗಲು ಕೂರುವ ಬೆಂಚನ್ನು ರಾತ್ರಿ ಎಳೆದರೆ ಪೆಟ್ಟಿಗೆಯಂಥ ಮಂಚ. ಊಟವಾದ ಮೇಲೆ ಮೇಜಿನ ಎರಡೂ ರೆಕ್ಕೆ ಇಳಿಸಿ ಗೋಡೆಗೆ ಒರಗಿಸುತ್ತಿದ್ದರು. ಬಟ್ಟೆಗೆ ಗೋಡೆಯ ಗೂಟ. ಕಾಳು, ಬಟ್ಟೆ, ಕಾಗದ ಪತ್ರಕ್ಕೆ ಪೆಟ್ಟಿಗೆ. ನಡುವಿನ ನೆಲ ಖಾಲಿ ಇರಲೇಬೇಕಿತ್ತು. ಇಲ್ಲದಿದ್ದರೆ ಮಗ್ಗ ಎಲ್ಲಿಡುವುದು?

ಆದರೆ ಈ ರೈತರು ಬಣ್ಣ ಬೇಡ ಅಂದವರಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಹಳ್ಳಿಯ ಸರಳ ಮನೆ ಅಂದರೆ ಬಣ್ಣವಿಲ್ಲದ ಮನೆ ಅಂತ ಅಂದುಕೊಂಡುಬಿಡುತ್ತೇವೆ. ಹೆಲ್ಸಿಂಗ್‌ಲ್ಯಾಂಡ್ ಅನ್ನುವ ಪ್ರಾಂತ್ಯದಲ್ಲಿ ಅಗಸೆ ನಾರು ಬೆಳೆದು, ಮರ ಮಾರಿ ಕೈಯಲ್ಲಿ ದುಡ್ಡಾದ ರೈತರು ದೊಡ್ಡ ದೊಡ್ಡ ಮರದ ಮನೆ ಕಟ್ಟಿದರು. ಒಳಗೆ ಹಬ್ಬಕ್ಕೆ, ಮದುವೆಗೆ ಅಂತಲೇ ಬೇರೆ ಕೋಣೆ. ಅದರ ಗೋಡೆ ತುಂಬ ಹೂಬಳ್ಳಿ, ಬೈಬಲ್ಲಿನ ಕಥೆ. ಅಂಥ ಏಳು ಮನೆಗಳು 2012ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ದಿನ ಬಳಸುವ ಕೋಣೆ ಬರಿದು, ಹಬ್ಬದ ಕೋಣೆ ತುಂಬು. ಹೀಗೆ ಎರಡನ್ನೂ ಬೇರೆ ಬೇರೆ ಇಟ್ಟುಕೊಂಡಿದ್ದರು.

ಈಗ ನೆಲಕ್ಕೆ ಬರೋಣ. ನನ್ನನ್ನು ಕೇಳಿದರೆ ಈ ಮನೆಗಳನ್ನು ನೆಲದಿಂದಲೇ ಅರ್ಥ ಮಾಡಿಕೊಳ್ಳಬೇಕು.

ಹಳೆಯ ಮನೆಗಳ ನೆಲ ಪೈನ್ ಅಥವಾ ಸ್ಪ್ರೂಸ್ ಮರದ ಅಗಲ ಹಲಗೆಗಳು. ವಾರ್ನಿಷ್ ಇಲ್ಲ, ಪಾಲಿಶ್ ಇಲ್ಲ. ಮರಳು ಹಾಕಿ, ನೀರು ಹಾಕಿ ಮೊಣಕಾಲೂರಿ ಉಜ್ಜುತ್ತಿದ್ದರು. ಹಬ್ಬಕ್ಕೆ ಜೂನಿಪರ್ ಗಿಡದ ಸೊಪ್ಪು ಕತ್ತರಿಸಿ ನೆಲಕ್ಕೆ ಚೆಲ್ಲುತ್ತಿದ್ದರು. ಕಾಲಿಟ್ಟಾಗ ಪರಿಮಳ ಬರಲಿ ಅಂತ. ಈ ಪದ್ಧತಿ ಈಗ ಹೆಚ್ಚಾಗಿ ಉಳಿದಿರುವುದು ಡೆನ್ಮಾರ್ಕ್‌ನ ಸೋಪು ನೆಲಗಳಲ್ಲಿ. ಹೊಸ ಹಲಗೆಗೆ ಮೊದಲು ಕ್ಷಾರದ ನೀರು ಬಳಿಯುತ್ತಾರೆ. ಪೈನ್ ಮರ ಬೆಳಕಿಗೆ ಹಳದಿಯಾಗುತ್ತದೆ, ಅದನ್ನು ತಡೆಯಲು ಇದು. ಆಮೇಲೆ ಸೋಪಿನ ತೆಳು ಚೂರುಗಳನ್ನು ಬಿಸಿ ನೀರಿನಲ್ಲಿ ಕರಗಿಸಿ ಒರೆಸುತ್ತಾರೆ. ಸೋಪಿನಲ್ಲಿರುವ ಕೊಬ್ಬಿನ ಅಂಶ ಮರದ ಸಣ್ಣ ತೂತುಗಳೊಳಗೆ ಹೋಗಿ ಕೂರುತ್ತದೆ. ಮುಂದಿನ ಸಲ ಒರೆಸುವಾಗ ಇನ್ನಷ್ಟು ಸೇರುತ್ತದೆ. ಅಂದರೆ ತೊಳೆಯುವುದೇ ನೆಲಕ್ಕೆ ರಕ್ಷಣೆ. ವರ್ಷ ಕಳೆದಂತೆ ನೆಲ ಬೆಳ್ಳಗೆ, ರೇಷ್ಮೆಯಂತೆ ನುಣ್ಣಗೆ ಆಗುತ್ತಾ ಹೋಗುತ್ತದೆ.

ಇದರ ಜಾಣತನ ಎಲ್ಲಿದೆ ನೋಡಿ. ವಾರ್ನಿಷ್ ಮರದ ಮೇಲೆ ಒಂದು ಪದರವಾಗಿ ನಿಲ್ಲುತ್ತದೆ. ಹೊಸದರಲ್ಲಿ ಚೆಂದ. ಒಂದು ಕಡೆ ಗೀರು ಬಿದ್ದರೆ ಅಲ್ಲಿ ಮಾತ್ರ ಸರಿ ಮಾಡಲು ಕಷ್ಟ, ಇಡೀ ನೆಲ ಉಜ್ಜಿ ತೆಗೆದು ಮತ್ತೆ ಬಳಿಯಬೇಕು. ಸೋಪು ನೆಲದಲ್ಲಿ ಪದರವೇ ಇಲ್ಲ. ಕಲೆಯಾದ ಕಡೆ ಸ್ವಲ್ಪ ಉಪ್ಪುಕಾಗದ ಆಡಿಸಿ, ಸೋಪು ನೀರು ಹಾಕಿದರೆ ಆಯಿತು. ಮಕ್ಕಳು ಆಟಿಕೆ ಎಳೆದ ಗುರುತು ಉಳಿಯುತ್ತದೆ, ನಿಜ. ಆ ಗುರುತು ಅಲ್ಲಿನವರಿಗೆ ಬೇಸರ ತರುವುದಿಲ್ಲ. ಹಳ್ಳಿಮನೆಯ ಕಳೆ ಅಂತ ನಾವು ಮೆಚ್ಚುವುದು ಬಹುಪಾಲು ಇಂಥ ಗುರುತುಗಳನ್ನೇ.

ನೆಲದ ಮೇಲಿನ ಹಾಸು ಕೂಡ ಹಾಗೆಯೇ. ಹಳೆಯ ಅಂಗಿ, ಹಾಸಿಗೆ ಬಟ್ಟೆಗಳನ್ನು ಪಟ್ಟಿ ಪಟ್ಟಿಯಾಗಿ ಹರಿದು ಮಗ್ಗದಲ್ಲಿ ನೇಯ್ದದ್ದು. 19ನೇ ಶತಮಾನದಲ್ಲಿ ಕಾರ್ಖಾನೆಯ ಹತ್ತಿ ಬಟ್ಟೆ ಅಗ್ಗವಾದ ಮೇಲೆ ಇದು ಸಾಮಾನ್ಯರ ಮನೆಗೂ ಬಂತು. ಅದಕ್ಕೂ ಮುಂಚೆ ಹರಿದ ಬಟ್ಟೆಯನ್ನು ನೆಲಕ್ಕೆ ಹಾಕುವಷ್ಟು ಸಿರಿ ಯಾರಿಗಿತ್ತು? ಫಿನ್ಲೆಂಡಿನಲ್ಲಿ ಈ ಹಾಸುಗಳನ್ನು ಒಗೆಯಲು ಕೆರೆ, ಸಮುದ್ರದ ದಡದಲ್ಲಿ ಮರದ ಅಟ್ಟಣೆಗಳನ್ನು ಕಟ್ಟಿದ್ದಾರೆ. ಹೆಲ್ಸಿಂಕಿಯಂಥ ರಾಜಧಾನಿಯಲ್ಲೂ ಇವೆ. ಬೇಸಿಗೆ ಬಂದರೆ ಸಾಕು, ಜನ ಹಾಸು ಹೊತ್ತುಕೊಂಡು ಬರುತ್ತಾರೆ. ಪೈನ್ ಎಣ್ಣೆಯ ಸೋಪು ಹಾಕಿ ಬ್ರಷ್ಷಿನಲ್ಲಿ ತಿಕ್ಕುತ್ತಾರೆ, ಕಂಬಿಯ ಮೇಲೆ ಒಣಗಿಸುತ್ತಾರೆ. ಪಕ್ಕದವರ ಜೊತೆ ಮಾತೂ ಆಗುತ್ತದೆ. ನೀರು ಕೆಡಬಾರದು ಅಂತ ಈಚೆಗೆ ಇಂಥ ಜಾಗಗಳನ್ನು ದಡದ ಮೇಲಕ್ಕೆ ತಂದು ಚರಂಡಿ ಜೋಡಿಸುತ್ತಿದ್ದಾರೆ. ಒಗೆಯುವುದನ್ನು ಮಾತ್ರ ಬಿಟ್ಟಿಲ್ಲ.

ಈ ಮಾತಿಗೇ ಸೇರುವ ಇನ್ನೊಂದು ಸಂಗತಿ ಹೊರಗಿನ ಕೆಂಪು ಬಣ್ಣ. ಸ್ವೀಡನ್ನಿನ ಹಳ್ಳಿಮನೆ ಅಂದರೆ ಕೆಂಪು ಗೋಡೆ, ಬಿಳಿ ಕಿಟಕಿ ಚೌಕಟ್ಟು ಅಲ್ವಾ? ಆ ಕೆಂಪು ಬರುವುದು ಫಾಲುನ್ ಊರಿನ ತಾಮ್ರದ ಗಣಿಯಿಂದ. ಲಾರ್ಸನ್ ಮನೆಯಿರುವ ಸುಂಡ್‌ಬೋರ್ನ್ ಅದರ ಪಕ್ಕದಲ್ಲೇ ಇದೆ. ನೂರಾರು ವರ್ಷ ತಾಮ್ರ ತೆಗೆದು ಉಳಿದ ಕಲ್ಲುಮಣ್ಣಿನ ರಾಶಿ ಮಳೆಗಾಳಿಗೆ ಬಿದ್ದು ಮಾಗಿತ್ತು. ಅದರಲ್ಲಿ ಕಬ್ಬಿಣದ ಅಂಶ ಜಾಸ್ತಿ. ಅದನ್ನು ತೊಳೆದು, ಒಣಗಿಸಿ, ಸುಟ್ಟರೆ ಕೆಂಪು ಪುಡಿ. ಆ ಪುಡಿಯನ್ನು ನೀರು, ರೈ ಎಂಬ ಧಾನ್ಯದ ಹಿಟ್ಟು, ಸ್ವಲ್ಪ ಅಗಸೆ ಎಣ್ಣೆಯ ಜೊತೆ ಗಂಜಿಯ ಹಾಗೆ ಕುದಿಸಿದರೆ ಬಣ್ಣ ರೆಡಿ. ಒರಟು ಮರಕ್ಕೇ ಬಳಿಯುತ್ತಾರೆ. ಈ ಬಣ್ಣ ತೇವವನ್ನು ಒಳಗೆ ಹಿಡಿದಿಡುವುದಿಲ್ಲ, ಹಾಗಾಗಿ ಮರ ಕೊಳೆಯುವುದಿಲ್ಲ. ಹಳೆಯದಾದರೆ ಸಿಪ್ಪೆ ಏಳುವುದೂ ಇಲ್ಲ. ಪುಡಿಪುಡಿಯಾಗಿ ಉದುರುತ್ತದೆ. ಬ್ರಷ್ ಆಡಿಸಿ ಮೇಲೆ ಮತ್ತೆ ಬಳಿದರೆ ಸರಿ. ಗಣಿ 1992ರಲ್ಲಿ ಮುಚ್ಚಿತು. 2001ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಬಣ್ಣ ಮಾತ್ರ ಇವತ್ತಿಗೂ ತಯಾರಾಗುತ್ತಿದೆ.

ಇಲ್ಲಿ ಒಂದು ಮಾತು ಸೇರಿಸಬೇಕು. ನಮ್ಮ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಇದೆಯಲ್ಲ, ಅದರ ಕೆಂಪೂ ಕಬ್ಬಿಣದ ಆಕ್ಸೈಡೇ. ಅದೂ ದಿನಾ ಒರೆಸಿ ಒರೆಸಿ ಹೊಳಪು ಬಂದ ನೆಲವೇ. ಅದನ್ನು ಒಡೆದು, ಅದರ ಮೇಲೆ ಮರದ ಚಿತ್ರ ಅಚ್ಚಾದ ಟೈಲ್ಸ್ ಹಾಕಿಸಿ, ಈಗ ಮನೆ ಸ್ಕ್ಯಾಂಡಿನೇವಿಯನ್ ಆಯಿತು ಅನ್ನುವುದನ್ನು ನೋಡಿದಾಗ ನನಗೆ ಬಹಳ ಸಂಕಟವಾಗುತ್ತದೆ. ಆ ಶೈಲಿಯ ತಿರುಳು ಮೊದಲಿನ ನೆಲದಲ್ಲೇ ಇತ್ತು.

ಇನ್ನು ಬೆಳಕು. ಇದು ದೊಡ್ಡ ವಿಷಯ, ಸ್ವಲ್ಪ ನಿಧಾನವಾಗಿ ನೋಡೋಣ.

ಡಿಸೆಂಬರ್ ಕೊನೆಯಲ್ಲಿ ಸ್ಟಾಕ್‌ಹೋಮಿನಲ್ಲಿ ಹಗಲು ಸುಮಾರು 6 ಗಂಟೆ ಮಾತ್ರ. ಇನ್ನೂ ಉತ್ತರದ ಕಿರುನಾ ಊರಿನಲ್ಲಿ ಆ ದಿನಗಳಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಆದರೆ ಗಂಟೆಗಳ ಲೆಕ್ಕಕ್ಕಿಂತ ಮುಖ್ಯವಾದದ್ದು ಸೂರ್ಯನ ಎತ್ತರ. ಆ ದಿನ ನಡು ಮಧ್ಯಾಹ್ನವೂ ಸ್ಟಾಕ್‌ಹೋಮಿನ ಸೂರ್ಯ ದಿಗಂತದಿಂದ 7 ಡಿಗ್ರಿಯಷ್ಟೇ ಮೇಲಿರುತ್ತಾನೆ. ಅದೇ ದಿನ ಬೆಂಗಳೂರಿನಲ್ಲಿ 53 ಡಿಗ್ರಿ ದಾಟಿರುತ್ತಾನೆ. ಅಲ್ಲಿ ಬಿಸಿಲು ಕಿಟಕಿಯಿಂದ ಅಡ್ಡಡ್ಡವಾಗಿ ಒಳಗೆ ಬರುತ್ತದೆ, ಕೋಣೆಯ ಹಿಂದಿನ ಗೋಡೆಯವರೆಗೂ ಹೋಗುತ್ತದೆ. ಆ ಗೋಡೆ ಬಿಳಿಯಾಗಿದ್ದರೆ ಬೆಳಕನ್ನು ಮತ್ತೆ ಕೋಣೆಗೆ ತಿರುಗಿಸುತ್ತದೆ. ಬೆಳ್ಳನೆಯ ನೆಲವೂ ಅದೇ ಕೆಲಸ ಮಾಡುತ್ತದೆ. ಸಿಕ್ಕ ಸ್ವಲ್ಪ ಬೆಳಕನ್ನು ಎರಡು ಸಲ, ಮೂರು ಸಲ ಬಳಸಿಕೊಳ್ಳುವ ಉಪಾಯ ಇದು. ತೆಳು ಪರದೆ, ಕಿಟಕಿ ದಂಡೆಯ ಗಿಡ, ಕಿಟಕಿಯ ಹತ್ತಿರವೇ ಮೇಜು, ಎಲ್ಲವೂ ಇದೇ ಕಾರಣಕ್ಕೆ.

ಹಳೆಯ ಮನೆಗಳಲ್ಲಿ ಚಳಿಗಾಲ ಬಂತೆಂದರೆ ಕಿಟಕಿಗೆ ಒಳಗಿನಿಂದ ಇನ್ನೊಂದು ಗಾಜಿನ ಕಿಟಕಿ ಕೂರಿಸುತ್ತಿದ್ದರು. ಎರಡರ ನಡುವಿನ ಸಂದಿಯಲ್ಲಿ ಕೆಳಗೆ ಹತ್ತಿ ತುಂಬುತ್ತಿದ್ದರು, ತೇವ ಹೀರಲಿ ಅಂತ. ಸುಮ್ನೆ ಹತ್ತಿ ಇಡುತ್ತಿರಲಿಲ್ಲ. ಅದರ ಮೇಲೆ ಒಣಗಿಸಿದ ಹೂವೋ, ಕಲ್ಲುಹೂವೋ ಜೋಡಿಸುತ್ತಿದ್ದರು. ವಸಂತ ಬರುವವರೆಗೂ ಅದು ಅಲ್ಲೇ ಇರುತ್ತಿತ್ತು. ಕೆಲಸಕ್ಕೆ ಬೇಕಾದ ವಸ್ತುವನ್ನೇ ಚೆಂದ ಮಾಡಿ ಇಡುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಒಲೆಯ ಕಥೆಯೂ ಹೀಗೇ. 18ನೇ ಶತಮಾನದಲ್ಲಿ ಸ್ವೀಡನ್ನಿನಲ್ಲಿ ಸೌದೆಗೆ ತತ್ವಾರ ಬಂತು. ತೆರೆದ ಒಲೆಯ ಬಿಸಿ ಬಹುಪಾಲು ಚಿಮಣಿಯಲ್ಲಿ ಹೋಗಿಬಿಡುತ್ತಿತ್ತು. 1767ರಲ್ಲಿ ಕಾರ್ಲ್ ಯೋಹಾನ್ ಕ್ರೂನ್‌ಸ್ಟೆಟ್ ಮತ್ತು ಫಾಬಿಯಾನ್ ವ್ರೇಡೆ ಎಂಬವರು ಹೆಂಚಿನ ಒಲೆಯನ್ನು ಸುಧಾರಿಸಿದರು. ಹೊಗೆ ನೇರವಾಗಿ ಮೇಲೆ ಹೋಗದೆ, ಒಳಗಿನ ಕೊಳವೆಗಳಲ್ಲಿ ಮೇಲೆ ಕೆಳಗೆ ಸುತ್ತಿ ಬಿಸಿಯನ್ನೆಲ್ಲ ಇಟ್ಟಿಗೆಗೆ ಕೊಟ್ಟು ಹೊರಗೆ ಹೋಗುವ ಹಾಗೆ ಮಾಡಿದರು. ಬೆಳಿಗ್ಗೆ ಹಾಕಿದ ಬೆಂಕಿಯ ಬಿಸಿ ಗಂಟೆಗಟ್ಟಲೆ ಉಳಿಯುತ್ತಿತ್ತು. ಕೋಣೆಯ ಮೂಲೆಯಲ್ಲಿ ಸೂರಿನವರೆಗೂ ನಿಂತಿರುವ ಆ ಬಿಳಿ ಹೆಂಚಿನ ಕಂಬ ಈಗ ಅಲಂಕಾರದ ಹಾಗೆ ಕಾಣುತ್ತದೆ. ಹುಟ್ಟಿದ್ದು ಸೌದೆ ಉಳಿಸಲು.

ದೀಪದ ವಿಷಯಕ್ಕೆ ಬಂದರೆ ಡೆನ್ಮಾರ್ಕ್‌ನ ಪೌಲ್ ಹೆನ್ನಿಂಗ್ಸನ್ ಅವರನ್ನು ನೆನೆಯಲೇಬೇಕು. ವಿದ್ಯುತ್ ಬಲ್ಬು ಬಂದಾಗ ಎಲ್ಲರಿಗೂ ಖುಷಿ. ಇವರಿಗೆ ಮಾತ್ರ ಆ ಬೆಳಕು ಕಣ್ಣಿಗೆ ಚುಚ್ಚುತ್ತದೆ ಅನ್ನಿಸಿತು. ಅವರು ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಬೆಳೆದವರು. 1920ರ ದಶಕದ ಮಧ್ಯದಲ್ಲಿ ಒಂದರ ಕೆಳಗೆ ಒಂದು ಮೂರು ಛತ್ರಿಗಳಿರುವ ದೀಪ ಮಾಡಿದರು. ಎಲ್ಲಿ ನಿಂತು ನೋಡಿದರೂ ಬಲ್ಬು ಕಣ್ಣಿಗೆ ಬೀಳದು, ಬೆಳಕು ಮಾತ್ರ ಮೇಜಿನ ಮೇಲೆ ಹರಡುತ್ತದೆ. ಅದೇ ಯೋಚನೆಯ ಮುಂದುವರಿಕೆ 1958ರ ಪಿಎಚ್ 5 ದೀಪ. ಊಟದ ಮೇಜಿನಿಂದ ಸುಮಾರು 60 ಸೆಂಟಿಮೀಟರ್ ಮೇಲೆ ತೂಗು ಹಾಕುತ್ತಾರೆ. ನಡು ಸೂರಿನಲ್ಲಿ ಒಂದು ದೊಡ್ಡ ದೀಪ ಹಾಕಿ ಇಡೀ ಕೋಣೆಯನ್ನು ಒಂದೇ ಸಮ ಬೆಳಗುವುದು ಅಲ್ಲಿ ಕಡಿಮೆ. ಓದುವ ಕುರ್ಚಿಯ ಬಳಿ ಒಂದು, ಮೇಜಿನ ಮೇಲೆ ಒಂದು, ಕಿಟಕಿಯಲ್ಲಿ ಒಂದು ಸಣ್ಣ ದೀಪ. ಕತ್ತಲಾದ ಮೇಲೆ ಬೀದಿಯಲ್ಲಿ ನಡೆದರೆ ಕಿಟಕಿ ಕಿಟಕಿಯಲ್ಲೂ ದೀಪ ಕಾಣುತ್ತದೆ. ದಾರಿಹೋಕರಿಗೂ ಅದರಿಂದ ಸಮಾಧಾನ.

ಹಾಗಾದರೆ ಇವತ್ತು ನಾವು ನೋಡುವ ಬಿಳಿ, ಖಾಲಿ, ಮಿನಿಮಲಿಸ್ಟ್ ಕೋಣೆ ಬಂದದ್ದು ಎಲ್ಲಿಂದ? ಅದು ಬಹುಮಟ್ಟಿಗೆ ಪಟ್ಟಣದ ಇಕ್ಕಟ್ಟಿನಿಂದ ಬಂದದ್ದು. 20ನೇ ಶತಮಾನದ ಶುರುವಿನಲ್ಲಿ ಸ್ಟಾಕ್‌ಹೋಮಿನ ಕೂಲಿಕಾರರ ಕುಟುಂಬಗಳು ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ಬದುಕುತ್ತಿದ್ದವು. ಕ್ಷಯದ ಭಯ ಬೇರೆ. 1917ರಲ್ಲಿ ಲಿಲಿಯೆವಾಲ್ಕ್ಸ್ ಕಲಾಭವನದಲ್ಲಿ ಒಂದು ಮನೆ ಪ್ರದರ್ಶನ ನಡೆಯಿತು. ಇಂಥ ಸಣ್ಣ ಮನೆಗಳಿಗೆ ಅಂತಲೇ ಕೋಣೆಗಳನ್ನು ಜೋಡಿಸಿ ತೋರಿಸಿದರು. ವಾಸ್ತುಶಿಲ್ಪಿ ಗುನ್ನಾರ್ ಆಸ್ಪ್ಲುಂಡ್ ಅವರ ಅಡುಗೆಮನೆ-ಕೋಣೆ ಅಲ್ಲಿತ್ತು. ವಿಲ್ಹೆಲ್ಮ್ ಕೋಗೆ ಅವರು ದುಡಿಯುವವರಿಗೆ ಅಂತ ಮಾಡಿದ ನೀಲಿ ಹೂವಿನ ಪಿಂಗಾಣಿ ತಟ್ಟೆಗಳೂ ಇದ್ದವು. ಅವನ್ನು ಮೆಚ್ಚಿ ಕೊಂಡವರು ಮಾತ್ರ ಹೆಚ್ಚಾಗಿ ಓದಿದ ಮಧ್ಯಮ ವರ್ಗದವರು. ದಿನವಿಡೀ ದುಡಿದು ಬಂದವರಿಗೆ ಮನೆಯಲ್ಲಿ ಒಂದಿಷ್ಟು ಮೆರುಗಿನ ಸಾಮಾನು ಬೇಕಿತ್ತು. ಅದು ತಪ್ಪಲ್ಲ. ಸರಳತೆ ಕೆಲವರಿಗೆ ಆಯ್ಕೆ, ಕೆಲವರಿಗೆ ಬಿಡಿಸಿಕೊಳ್ಳಬೇಕಾದ ಬಡತನ. ಈ ಶೈಲಿಯ ಬಗ್ಗೆ ಮಾತಾಡುವಾಗ ನಾವು ಇದನ್ನು ಮರೆಯಬಾರದು.

1930ರಲ್ಲಿ ಅದೇ ಆಸ್ಪ್ಲುಂಡ್ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಸ್ಟಾಕ್‌ಹೋಮ್ ಪ್ರದರ್ಶನ ನಡೆಯಿತು. ಗಾಜು, ಉಕ್ಕು, ಗಾಳಿ, ಬೆಳಕು, ಚೊಕ್ಕಟ. ಹೊಸ ಕಾಲದ ಮನೆ ಹೀಗಿರಲಿ ಎಂದು ಅದು ಸಾರಿ ಹೇಳಿತು. ನನಗೆ ಅದಕ್ಕಿಂತ ಹತ್ತಿರವಾದದ್ದು 1944ರಲ್ಲಿ ಹುಟ್ಟಿದ ಮನೆಗೆಲಸದ ಸಂಶೋಧನಾ ಸಂಸ್ಥೆ. ಹೆಂಗಸರ ಸಂಘಟನೆಗಳ ಒತ್ತಾಯದಿಂದ ಬಂದದ್ದು. ಅಡುಗೆಮನೆಯಲ್ಲಿ ಹೆಂಗಸರು ಎಷ್ಟು ಬಗ್ಗುತ್ತಾರೆ, ಎಷ್ಟು ಓಡಾಡುತ್ತಾರೆ, ಕಟ್ಟೆ ಎಷ್ಟು ಎತ್ತರವಿದ್ದರೆ ಬೆನ್ನು ನೋಯುವುದಿಲ್ಲ ಎಂದೆಲ್ಲ ಅಳೆದು ನೋಡಿದರು. ಸ್ವೀಡನ್ನಿನ ಅಡುಗೆಮನೆಯ ಅಳತೆಗಳು ಆ ಕೆಲಸದಿಂದ ರೂಪುಗೊಂಡವು. ಅಲ್ಲಿನ ಅಡುಗೆಮನೆ ಫೋಟೋದಲ್ಲಿ ಅಷ್ಟು ಸಲೀಸಾಗಿ ಕಾಣುವುದರ ಹಿಂದೆ ಈ ಅಳತೆ ಇದೆ.

ಡೆನ್ಮಾರ್ಕ್‌ನಲ್ಲೂ ಹೀಗೆಯೇ. ಕೋರೆ ಕ್ಲಿಂಟ್ ಎಂಬ ಪೀಠೋಪಕರಣ ವಿನ್ಯಾಸದ ಗುರು ತಮ್ಮ ವಿದ್ಯಾರ್ಥಿಗಳಿಗೆ ಮೊದಲು ಕಲಿಸಿದ್ದೇ ಅಳೆಯುವುದನ್ನು. ಅವರ ಶಿಷ್ಯ ಬೊರ್ಗೆ ಮೊಗೆನ್ಸನ್. 1950ರ ದಶಕದಲ್ಲಿ ಮೊಗೆನ್ಸನ್ ಮತ್ತು ಗ್ರೆಟೆ ಮೈಯರ್ ಸೇರಿ ಗೋಡೆ ಬೀರುಗಳನ್ನು ಮಾಡಲು ಹೊರಟರು. ಒಂದು ಮನೆಯಲ್ಲಿ ಎಷ್ಟು ಅಂಗಿ ಇರುತ್ತವೆ? ಮಡಚಿದರೆ ಎಷ್ಟು ಅಗಲ? ಚಮಚ, ತಟ್ಟೆ, ಲೋಟ ಎಷ್ಟು? ಅದೆಲ್ಲ ಲೆಕ್ಕ ಹಾಕಿ ಬೀರುವಿನ ಅಗಲ, ಆಳ ತೀರ್ಮಾನಿಸಿದರು. ಇದಕ್ಕೂ ಮುಂಚೆ 1947ರಲ್ಲಿ ಮೊಗೆನ್ಸನ್ ಅಲ್ಲಿನ ಸಹಕಾರ ಸಂಘಕ್ಕಾಗಿ ಒಂದು ಕುರ್ಚಿ ಮಾಡಿದ್ದರು. ಗುಂಡನೆಯ ಕಾಲು, ಅಗಲವಾದ ಒರಗು ಪಟ್ಟಿ, ಹೆಣೆದ ಕೂರುವ ಜಾಗ. ಜನಸಾಮಾನ್ಯರ ಕುರ್ಚಿ ಎಂದೇ ಅದಕ್ಕೆ ಹೆಸರು ಬಿತ್ತು. ಇವತ್ತಿಗೂ ತಯಾರಾಗುತ್ತಿದೆ. ಆ ಹೆಣಿಗೆಯ ದಾರ ಕಾಗದದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಹೊರಗಿನ ನಾರು ಬರುವುದು ನಿಂತಾಗ ಕಾಗದವನ್ನು ಹುರಿ ಮಾಡಿ ಬಳಸಿದರು. ಅಲ್ಲಿನ ಇನ್ನೊಬ್ಬ ವಿನ್ಯಾಸಕಾರ ಹಾನ್ಸ್ ವೆಗ್ನರ್ ಅವರ ವೈ ಆಕಾರದ ಬೆನ್ನಿನ ಕುರ್ಚಿಗೂ ಇದೇ ಹುರಿ, ಒಂದು ಕುರ್ಚಿಗೆ ಸುಮಾರು 120 ಮೀಟರ್. ಇಂದಿಗೂ ಕೈಯಲ್ಲೇ ಹೆಣೆಯುತ್ತಾರೆ. ಸಡಿಲವಾದರೆ ಬಿಚ್ಚಿ ಹೊಸದಾಗಿ ಹೆಣೆಸಬಹುದು. ಮರದ ಚೌಕಟ್ಟು ಅದೇ ಇರುತ್ತದೆ.

ಪೀಠೋಪಕರಣ ಮಾರುವ ಸ್ವೀಡನ್ನಿನ ಐಕಿಯಾ ಕಂಪನಿಯ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಇಂಗ್ವಾರ್ ಕಾಂಪ್ರಾಡ್ ಅದನ್ನು 1943ರಲ್ಲಿ ಶುರು ಮಾಡಿದಾಗ ಅವರಿಗೆ 17 ವರ್ಷ. ಊರು ಸ್ಮೋಲ್ಯಾಂಡ್ ಪ್ರಾಂತ್ಯದ್ದು. ಕಲ್ಲುನೆಲ, ಬಡ ಬೇಸಾಯ, ಬಹಳ ಜನ ಅಮೆರಿಕಕ್ಕೆ ವಲಸೆ ಹೋದ ಸೀಮೆ ಅದು. 1956ರಿಂದ ಮೇಜಿನ ಕಾಲು ಬಿಚ್ಚಿ ಚಪ್ಪಟೆ ಪೆಟ್ಟಿಗೆಯಲ್ಲಿ ಮಾರಿದರು. ಲಾರಿಯಲ್ಲಿ ಗಾಳಿ ಸಾಗಿಸುವ ಖರ್ಚು ಉಳಿಯಿತು, ಬೆಲೆ ಇಳಿಯಿತು. 2022ರ ಜೂನ್‌ನಲ್ಲಿ ಬೆಂಗಳೂರಿನ ನಾಗಸಂದ್ರಕ್ಕೂ ಅವರ ಮಳಿಗೆ ಬಂತು. ನಮ್ಮಲ್ಲಿ ಎಷ್ಟೋ ಜನ ಈ ಶೈಲಿಯನ್ನು ಮುಟ್ಟಿ ನೋಡಿದ್ದು ಅಲ್ಲೇ. ಅದು ಒಳ್ಳೆಯದೇ ಆಯಿತು. ಆದರೆ ಅಲ್ಲಿ ಸಿಗುವುದು ಸಾಮಾನು. ಅದನ್ನು ಎಲ್ಲಿಡಬೇಕು, ಹೇಗೆ ನೋಡಿಕೊಳ್ಳಬೇಕು ಅನ್ನುವುದನ್ನು ನಾವೇ ಯೋಚಿಸಬೇಕು.

ಈಗ ನಮ್ಮ ಮನೆಗಳ ಮಾತು. ಮನೆಗಳಿಗೆ ಒಳಾಂಗಣ ಮಾಡಿಕೊಡುವುದು ನನ್ನ ಕೆಲಸ. ಹಾಗಾಗಿ ನೋಡಿದ್ದನ್ನೇ ಹೇಳುತ್ತೇನೆ.

ಬಿಳಿ ಗೋಡೆಯಿಂದ ಶುರು ಮಾಡೋಣ. ನಮಗೆ ಬೆಳಕಿಗೆ ಬರವಿಲ್ಲ. ಡಿಸೆಂಬರಿನಲ್ಲೂ 11 ಗಂಟೆಗೂ ಜಾಸ್ತಿ ಹಗಲು. ಪಶ್ಚಿಮಕ್ಕೆ ದೊಡ್ಡ ಕಿಟಕಿ ಇರುವ ಕೋಣೆಗೆ ಅಚ್ಚ ಬಿಳಿ ಹೊಡೆಸಿದರೆ ಮಧ್ಯಾಹ್ನ ಕಣ್ಣು ಕಿರಿದು ಮಾಡಿಕೊಂಡು ಕೂರಬೇಕಾಗುತ್ತದೆ. ಅಂಥ ಕೋಣೆಗೆ ಮಣ್ಣಿನ ಬಣ್ಣ, ತಿಳಿ ಬೂದು, ಸುಣ್ಣದ ಮಂದ ಬಿಳಿ ಒಳ್ಳೆಯದು. ಬಿಳಿ ಬೇಕಾದ್ದು ಉತ್ತರಕ್ಕೆ ಮುಖ ಮಾಡಿದ, ಪಕ್ಕದ ಕಟ್ಟಡಕ್ಕೆ ಅಂಟಿಕೊಂಡ ಕತ್ತಲೆ ಕೋಣೆಗೆ. ಕಿಟಕಿಯ ಎದುರಿನ ಒಂದು ಗೋಡೆಗೆ ಮಾತ್ರ ಹೊಡೆಸಿ ನೋಡಿ, ಸಾಕಾಗುತ್ತದೆ.

ದೀಪದ ಪಾಠ ಮಾತ್ರ ನೇರವಾಗಿ ನಮಗೂ ಹೊಂದುತ್ತದೆ. ಫಾಲ್ಸ್ ಸೀಲಿಂಗ್ ತುಂಬ ಬಲ್ಬು ಹಾಕಿಸುವ ದುಡ್ಡಿನಲ್ಲಿ ಮೂರು ಒಳ್ಳೆಯ ಛತ್ರಿ ದೀಪ ಬರುತ್ತವೆ. ಒಂದೇ ಎಚ್ಚರ. ನಮ್ಮಲ್ಲಿ ಸೀಲಿಂಗ್ ಫ್ಯಾನ್ ಇದೆ. ಅದರ ಗಾಳಿಗೆ ತೂಗು ದೀಪ ಓಲಾಡುತ್ತದೆ. ದೀಪ ಫ್ಯಾನಿಗಿಂತ ಮೇಲಿದ್ದರಂತೂ ರೆಕ್ಕೆಯ ನೆರಳು ಮೇಜಿನ ಮೇಲೆ ಮಿಣುಕುತ್ತದೆ. ಊಟದ ಮೇಜಿನ ದೀಪವನ್ನು ಫ್ಯಾನಿನಿಂದ ದೂರಕ್ಕೆ, ಗಟ್ಟಿ ಕೊಳವೆಯಲ್ಲಿ ಇಳಿಸಿ. ಇಲ್ಲವೇ ಗೋಡೆಯಿಂದ ಚಾಚುವ ದೀಪ ಹಾಕಿಸಿ.

ಮರಕ್ಕೆ ಬಂದರೆ, ಪೈನೇ ಬೇಕು ಅಂತ ಹಟ ಬೇಡ. ಅದು ಅಲ್ಲಿ ಬೆಳೆಯುವ ಮರ, ಹಾಗಾಗಿ ಅವರು ಬಳಸಿದರು. ಮಲೆನಾಡು, ಕರಾವಳಿಯ ತೇವಕ್ಕೆ, ಗೆದ್ದಲಿಗೆ ಅದು ತಡೆಯುವುದು ಕಷ್ಟ. ನಮ್ಮ ಹಲಸು ಇದೆ. ಮೊದಲು ಹಳದಿ, ಬರಬರುತ್ತಾ ಜೇನಿನ ಬಣ್ಣ. ಹಳೆ ಮನೆ ಕೆಡವಿದಾಗ ಸಿಗುವ ತೇಗದ ಬಾಗಿಲು, ತೊಲೆ ಇವೆ. ತಿಳಿ ಬಣ್ಣವೇ ಬೇಕಿದ್ದರೆ ಕಾಫಿ ತೋಟದ ಸಿಲ್ವರ್ ಓಕ್, ರಬ್ಬರ್ ಮರ ಇವೆ. ಅವಕ್ಕೆ ಮೊದಲೇ ಹುಳಕ್ಕೆ ಔಷಧಿ ಆಗಿದೆಯಾ ಎಂದು ಕೇಳಿ ತೆಗೆದುಕೊಳ್ಳಿ. ಹೊಳೆಯುವ ಪಾಲಿಶ್ ಬದಲು ಅಗಸೆ ಎಣ್ಣೆ ಹಚ್ಚಲು ಬಡಗಿಗೆ ಹೇಳಿ. ತೆಳ್ಳಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಮೇಲುಳಿದದ್ದನ್ನು ಪೂರ್ತಿ ಒರೆಸಬೇಕು. ಒಣಗಲು ದಿನಗಳು ಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಇನ್ನೊಂದು ಮಾತು ದಯವಿಟ್ಟು ನೆನಪಿಟ್ಟುಕೊಳ್ಳಿ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಪೂರ್ತಿ ಒಣಗಿಸಿ, ಅಥವಾ ನೀರಿನಲ್ಲಿ ನೆನೆಸಿಡಿ.

ತೆರೆದ ಕಪಾಟುಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ಚೆಂದ ಕಾಣುತ್ತವೆ, ಸಂಶಯವಿಲ್ಲ. ರಸ್ತೆಗೆ ಹತ್ತಿರದ ಮನೆಯಾದರೆ ಎರಡು ದಿನಕ್ಕೆ ಧೂಳು ಕೂರುತ್ತದೆ. ಅಡುಗೆಮನೆಯಲ್ಲಾದರೆ ಒಗ್ಗರಣೆಯ ಜಿಡ್ಡೂ ಸೇರುತ್ತದೆ. ದಿನಾ ಬಳಸುವ ಲೋಟ, ತಟ್ಟೆಗೆ ಒಂದೇ ಒಂದು ತೆರೆದ ಹಲಗೆ ಸಾಕು. ಬಳಕೆಯಲ್ಲಿರುವುದರಿಂದ ಅವುಗಳ ಮೇಲೆ ಧೂಳು ನಿಲ್ಲುವುದಿಲ್ಲ. ಮಿಕ್ಕಿದ್ದಕ್ಕೆ ಬಾಗಿಲಿರಲಿ. ಬೀರು ಮಾಡಿಸುವ ಮುಂಚೆ ಮೊಗೆನ್ಸನ್ ಮಾಡಿದ ಹಾಗೆ ಎಣಿಸಿ. ನಿಮ್ಮ ಮನೆಯಲ್ಲಿ ಸೀರೆ ಎಷ್ಟು, ಪಂಚೆ ಎಷ್ಟು, ಹಬ್ಬಕ್ಕೆ ಮಾತ್ರ ತೆಗೆಯುವ ಪಾತ್ರೆ ಎಷ್ಟು? ಕ್ಯಾಟಲಾಗಿನ ವಾರ್ಡ್‌ರೋಬ್ ಕೋಟು ತೂಗುಹಾಕುವವರ ಅಳತೆಯದು. ಮಡಚಿಟ್ಟ ಸೀರೆಗೆ ಬೇಕಾದ ಆಳ ಬೇರೆ.

ಹಾಸು ಬೇಕಾದರೆ ಉತ್ತರ ಕರ್ನಾಟಕದ ಕೌದಿ ಹೊಲಿಯುವವರನ್ನು ಹುಡುಕಿ. ಮನೆಯ ಹಳೆ ಸೀರೆಗಳನ್ನೇ ಕೊಟ್ಟು ಹೊಲಿಸಬಹುದು. ನವಲಗುಂದದ ಜಮಖಾನ ಇದೆ, ಹೆಂಗಸರೇ ಕೈಮಗ್ಗದಲ್ಲಿ ನೇಯುವುದು. ಅದರ ಬಣ್ಣ ಗಾಢ, ಬಿಳಿ ಕೋಣೆಗೆ ಹೊಂದುತ್ತದಾ ಅನ್ನುವ ಅನುಮಾನ ಬಂದರೆ, ಶುರುವಿನಲ್ಲಿ ತೋರಿಸಿದ ಕರಿನ್ ಅವರ ಊಟದ ಕೋಣೆಯನ್ನು ನೆನೆಸಿಕೊಳ್ಳಿ.

ಬಾಡಿಗೆ ಮನೆಯಲ್ಲಿರುವವರು ಏನು ಮಾಡಬಹುದು ಅಂತ ಅಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಗೋಡೆ, ನೆಲ ನಿಮ್ಮದಲ್ಲ, ಹಾಗಾಗಿ ಜೊತೆಗೆ ಹೊತ್ತೊಯ್ಯಬಹುದಾದ್ದಕ್ಕೆ ದುಡ್ಡು ಹಾಕಿ. ಮೊದಲು ಒಂದು ಗಟ್ಟಿ ಮರದ ಮೇಜು, ರೆಕ್ಕೆ ಇಳಿಸುವಂಥದ್ದು. ಬಡಗಿ ಹತ್ತಿರ ಮಾಡಿಸಿ, ತಿರುಪು ಬಿಚ್ಚಿ ಮತ್ತೆ ಜೋಡಿಸುವ ಹಾಗಿರಲಿ. ಕೆಳಗೆ ಪೆಟ್ಟಿಗೆಯಿರುವ ಒಂದು ಬೆಂಚು, ನೆಂಟರು ಬಂದಾಗ ಮಲಗಲೂ ಆಗುವಷ್ಟು ಉದ್ದ. ಎರಡು ದೀಪ. ಬಿಚ್ಚಿ ಒಗೆಯಬಹುದಾದ ಖಾದಿ ಹೊದಿಕೆ. ಇಷ್ಟಾದ ಮೇಲೆ ಒಂದು ವರ್ಷ ಏನೂ ಕೊಳ್ಳದೆ ಇದ್ದು ನೋಡಿ. ಮೇಜಿಗೆ ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಎಣ್ಣೆ ಹಚ್ಚಿ. ಬಿಸಿ ಪಾತ್ರೆ ಇಟ್ಟು ಕಲೆಯಾದರೆ ನುಣುಪಾದ ಉಪ್ಪುಕಾಗದದಲ್ಲಿ ಮರದ ಗೆರೆ ಹೋದ ದಿಕ್ಕಿಗೇ ಉಜ್ಜಿ, ಅಲ್ಲಿಗಷ್ಟೇ ಎಣ್ಣೆ ಒರೆಸಿ. ಬಡಗಿಯನ್ನು ಕರೆಯಬೇಕಾಗಿಲ್ಲ, ಒಂದು ಭಾನುವಾರದ ಬೆಳಿಗ್ಗೆ ನೀವೇ ಮಾಡಬಹುದು.